ಹೆಸರು ಕೊಟ್ಟರೆ ಆಬ್ಜೆಕ್ಟ್: ಜಾವಾದಲ್ಲಿ ನಾನು ಮಾಡಿಕೊಂಡ ದಾರಿ

ನಮ್ಮ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಒಬ್ಬರು ಸಿಎಸ್‌ವಿ ಕಳಿಸುತ್ತಾರೆ, ಇನ್ನೊಬ್ಬರು ಎಕ್ಸೆಲ್, ಮತ್ತೊಬ್ಬರು ಎಕ್ಸ್‌ಎಂಎಲ್. ಒಂದೊಂದನ್ನು ಓದಲು ಒಂದೊಂದು ಕ್ಲಾಸ್. ಯಾವುದನ್ನು ಕರೆಯಬೇಕು ಅಂತ ನೋಡಲು ಉದ್ದನೆಯ ಇಫ್-ಎಲ್ಸ್ ಸಾಲು. ಅಲ್ಲಿಯವರೆಗೆ ಹೇಗೋ ನಡೆಯುತ್ತಿತ್ತು. ಆಮೇಲೆ ಗ್ರಾಹಕರೇ ಬರೆಸಿದ ಜಾರ್ ಫೈಲನ್ನು (ಕಂಪೈಲ್ ಆದ ಜಾವಾ ಕ್ಲಾಸುಗಳ ಕಟ್ಟು) ತಂದು ಹಾಕಿದರೂ ಓಡಬೇಕು ಎಂಬ ಬೇಡಿಕೆ ಬಂತು. ನಾವು ಕಂಪೈಲ್ ಮಾಡುವಾಗ ಇನ್ನೂ ಹುಟ್ಟೇ ಇರದ ಕ್ಲಾಸಿನ ಆಬ್ಜೆಕ್ಟ್ ಮಾಡಲು 'ನ್ಯೂ' ಅಂತ ಬರೆಯೋದು ಹೇಗೆ?

ಮೊದಲು ಒಂದು ಇಂಟರ್ಫೇಸ್, ಅಂದರೆ ಎಲ್ಲ ರೀಡರ್ ಕ್ಲಾಸುಗಳೂ ಪಾಲಿಸಬೇಕಾದ ಕರಾರು, ಮಾಡಿದೆ. ಹೆಸರು 'ಸ್ಟೇಟ್‌ಮೆಂಟ್‌ರೀಡರ್', ಒಳಗೆ ಒಂದೇ ಮೆಥಡ್. ಪ್ರಾಪರ್ಟೀಸ್ ಫೈಲಿನಲ್ಲಿ ಪ್ಯಾಕೇಜ್ ಸಮೇತ ಕ್ಲಾಸಿನ ಪೂರ್ತಿ ಹೆಸರು ಇರುತ್ತದೆ. ಅದನ್ನು ಹೆಸರು ಹಿಡಿದು ಕ್ಲಾಸ್ ತರುವ 'ಕ್ಲಾಸ್.ಫಾರ್‌ನೇಮ್'ಗೆ ಕೊಡುತ್ತೇನೆ. ಬರೀ ಹೆಸರು ಕೊಟ್ಟರೆ ಕ್ಲಾಸಿನ ಸ್ಟ್ಯಾಟಿಕ್ ಬ್ಲಾಕ್ (ಕ್ಲಾಸ್ ಸಿದ್ಧವಾಗುವಾಗ ಒಮ್ಮೆ ತಾನೇ ಓಡುವ ಕೋಡ್) ಕೂಡ ಆಗಲೇ ಓಡಿಬಿಡುತ್ತದೆ. ಯಾರೋ ಬರೆದ ಜಾರ್‌ನಲ್ಲಿ ಅದು ನನಗೆ ಬೇಡ. ಹಾಗಾಗಿ ಮೂರು ಆರ್ಗ್ಯುಮೆಂಟ್‌ನ ರೂಪವನ್ನೇ ಬಳಸುತ್ತೇನೆ: ಹೆಸರು, ಆ ಬ್ಲಾಕ್ ಈಗಲೇ ಓಡಿಸಬೇಡ ಎನ್ನುವ ಫಾಲ್ಸ್, ಕ್ಲಾಸ್ ತರಲು ಆ ಜಾರ್‌ಗೆ ಅಂತ ಮಾಡಿದ ಯುಆರ್‌ಎಲ್‌ಕ್ಲಾಸ್‌ಲೋಡರ್. ಸಿಕ್ಕ ಕ್ಲಾಸ್ ನಮ್ಮ ಇಂಟರ್ಫೇಸಿನದ್ದೇ ಅಂತ 'ಆಸ್‌ಸಬ್‌ಕ್ಲಾಸ್' ಹೇಳಿದ ಮೇಲೆ ಅದರ ಕನ್‌ಸ್ಟ್ರಕ್ಟರನ್ನು (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಕೊಡುವ 'ಗೆಟ್‌ಡಿಕ್ಲೇರ್ಡ್‌ಕನ್‌ಸ್ಟ್ರಕ್ಟರ್', ಕೊನೆಗೆ ಆಬ್ಜೆಕ್ಟ್ ಮಾಡುವ 'ನ್ಯೂಇನ್‌ಸ್ಟನ್ಸ್'. ಹಳೇ ಕೋಡ್‌ನಲ್ಲಿ ಕ್ಲಾಸ್ ಮೇಲೇ ನೇರವಾಗಿ 'ನ್ಯೂಇನ್‌ಸ್ಟನ್ಸ್' ಕರೆದಿರುತ್ತಾರೆ. ಜಾವಾ 9ರಿಂದ ಅದು ಡೆಪ್ರಿಕೇಟೆಡ್, ಅಂದರೆ ಇನ್ನು ಬಳಸಬೇಡಿ ಅಂತ ಗುರುತು ಹಾಕಿದ್ದಾರೆ.

ಲಾಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕನ್‌ಸ್ಟ್ರಕ್ಟರ್ ಒಳಗೇ ಏನಾದರೂ ಕೆಟ್ಟರೆ ಕೈಗೆ ಬರೋದು 'ಇನ್ವೊಕೇಶನ್‌ಟಾರ್ಗೆಟ್‌ಎಕ್ಸೆಪ್ಶನ್'. ಅದರ ಮೆಸೇಜ್ ಪ್ರಿಂಟ್ ಮಾಡಿದರೆ ಬರೀ 'ನಲ್' ಅಂತ ಕಾಣುತ್ತದೆ. ನಿಜವಾದ ಕಾರಣ 'ಗೆಟ್‌ಕಾಸ್' ಒಳಗಿದೆ. ಅದನ್ನು ಹೊರಗೆ ತೆಗೆದು, ಪಕ್ಕದಲ್ಲಿ ಕ್ಲಾಸಿನ ಹೆಸರನ್ನೂ ಸೇರಿಸಿ ಲಾಗ್ ಮಾಡಿ. ಇಲ್ಲದಿದ್ದರೆ ಸಪೋರ್ಟ್‌ನಲ್ಲಿ ಕೂತವರು ಆ 'ನಲ್' ಇಟ್ಟುಕೊಂಡು ಏನು ಮಾಡಬೇಕು?

ಸರ್ವೀಸ್‌ಲೋಡರ್, ಅಂದರೆ ಒಂದು ಇಂಟರ್ಫೇಸಿನ ಕ್ಲಾಸುಗಳನ್ನು ತಾನೇ ಹುಡುಕಿ ಕೊಡುವ ಜಾವಾದ ಸೌಲಭ್ಯ, ಇದೆಯಲ್ಲ ಅಂತ ಕೇಳಬಹುದು. ಜಾವಾ 6ರಿಂದಲೂ ಇದೆ, ಒಳ್ಳೆಯದೇ. ಆದರೆ ಮಾಮೂಲಿ ಜಾರ್ ಆದರೆ ಮೆಟಾ-ಇನ್ಫ್ ಫೋಲ್ಡರಿನ ಸರ್ವೀಸಸ್ ಒಳಗೆ ಇಂಟರ್ಫೇಸಿನ ಹೆಸರಲ್ಲಿ ಒಂದು ಫೈಲ್ ಇಡಬೇಕು. ನಮಗೆ ಜಾರ್ ಬರೆದುಕೊಡುವವರು ಅದನ್ನು ಮರೆಯೋದೇ ಜಾಸ್ತಿ. ಮರೆತರೆ ಎರರ್ ಕೂಡ ಬರುವುದಿಲ್ಲ, ಸುಮ್ನೆ ಖಾಲಿ ಪಟ್ಟಿ ಬರುತ್ತದೆ. ನನಗೆ ಜೋರಾಗಿ ಕೂಗುವ 'ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಶನ್'ನೇ ವಾಸಿ.

ನಮ್ಮದೇ ರೀಡರ್‌ಗಳಿಗೆ ಮಾತ್ರ ಈ ರಿಫ್ಲೆಕ್ಷನ್ (ಹೆಸರು ಹಿಡಿದು ರನ್‌ಟೈಮಿನಲ್ಲಿ ಕ್ಲಾಸ್ ಹುಡುಕುವ ದಾರಿ) ಯಾವುದೂ ಇಲ್ಲ. ಒಂದು ಮ್ಯಾಪ್, ಅದರಲ್ಲಿ 'ಸಿಎಸ್‌ವಿ' ಎಂಬ ಕೀ, ಎದುರಿಗೆ 'ಸಿಎಸ್‌ವಿರೀಡರ್::ನ್ಯೂ' ಎಂಬ ಸಪ್ಲೈಯರ್, ಅಂದರೆ ಕೇಳಿದಾಗ ಹೊಸ ಆಬ್ಜೆಕ್ಟ್ ಕೊಡುವ ತುಣುಕು. ಇಷ್ಟೇ. ಆಬ್ಜೆಕ್ಟ್ ಹುಟ್ಟುವುದು ಇಲ್ಲೂ ರನ್‌ಟೈಮಿನಲ್ಲೇ, ಆದರೆ ಕಂಪೈಲರ್ ಕಣ್ಣಿಟ್ಟಿರುತ್ತದೆ. ಕ್ಲಾಸಿನ ಹೆಸರು ಬದಲಾದರೆ ಅಲ್ಲೇ ಹಿಡಿಯುತ್ತದೆ. ಕೋಡ್ ಮೊದಲು ಮ್ಯಾಪ್‌ನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಜಾರ್ ಕಡೆ ಹೋಗುತ್ತದೆ. ಕ್ಲಾಸಿನ ಹೆಸರು ಅಡ್ಮಿನ್ ಬರೆಯುವ ಪ್ರಾಪರ್ಟೀಸ್ ಫೈಲಿನಿಂದಷ್ಟೇ ಬರಬೇಕು. ವೆಬ್ ಫಾರ್ಮ್‌ನಲ್ಲಿ ಯಾರೋ ಟೈಪ್ ಮಾಡಿದ್ದನ್ನು ಫಾರ್‌ನೇಮ್‌ಗೆ ಕೊಟ್ಟರೆ ಬೀದೀಲಿ ಹೋಗುವವರಿಗೆ ಮನೆ ಕೀಲಿ ಕೊಟ್ಟಂತೆ.

ಇನ್ನೊಂದು ಸಣ್ಣ ವಿಷಯ. ಕ್ಲಾಸಿನೊಳಗಿನ ಕ್ಲಾಸ್ ಆದರೆ ಹೆಸರಿನ ನಡುವೆ ಚುಕ್ಕಿ ಅಲ್ಲ, ಡಾಲರ್ ಚಿಹ್ನೆ ಬರಬೇಕು. ನಮಗೆ ಬರುವ ಫೋನುಗಳಲ್ಲಿ ಇದೇ ಜಾಸ್ತಿ.