1,23,45,67,890ನ್ನು ಕೈಯಲ್ಲೇ ಬಿಡಿಸುವ ಬಗೆ

1ರಿಂದ 9ರವರೆಗೆ ಸಾಲಾಗಿ ಬರೆದು ಕೊನೆಗೊಂದು ಸೊನ್ನೆ ಇಟ್ಟರೆ 123 ಕೋಟಿ 45 ಲಕ್ಷ 67 ಸಾವಿರದ 890. ಇದಕ್ಕೆ ಎಷ್ಟು ಅಪವರ್ತನಗಳು, ಅವುಗಳ ಮೊತ್ತವೆಷ್ಟು ಎಂದು ತಿಳಿಯಲು ಮೊದಲು ಇದನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸಬೇಕು.

ಕೊನೆಯಲ್ಲಿ 0 ಇರುವುದರಿಂದ 2 ಮತ್ತು 5 ಹೋಗುತ್ತವೆ, ಉಳಿಯುವುದು 12,34,56,789. ಇದರ ಅಂಕಿಗಳ ಮೊತ್ತ 45, ಹಾಗಾಗಿ 9 ಕೂಡ ಹೋಗುತ್ತದೆ. ಈಗ ಕೈಯಲ್ಲಿರುವುದು 1,37,17,421. 8 ಅಂಕಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ ಹಿಡಿಸುವ ಸಂಖ್ಯೆ. ಇಲ್ಲಿ ಅಂಕಿಗಳನ್ನು ಮತ್ತೆ ಕೂಡಿ ನೋಡಿ: 26. ಇನ್ನು 3 ಹೋಗುವುದಿಲ್ಲ.

7, 11, 13 ಮೂರನ್ನೂ ಒಂದೇ ಏಟಿಗೆ ಪರೀಕ್ಷಿಸಬಹುದು, ಏಕೆಂದರೆ 7 × 11 × 13 = 1001. ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ, ಒಂದು ಬಿಟ್ಟು ಒಂದನ್ನು ಕಳೆಯಿರಿ: 421 − 717 + 13 = −283. 283 ಈ ಮೂರರಲ್ಲಿ ಯಾವುದರಿಂದಲೂ ಭಾಗವಾಗದು. ಲಕ್ಷ-ಕೋಟಿಯ ಅಲ್ಪವಿರಾಮ ನೋಡಿಕೊಂಡು ಎರಡೆರಡು ಅಂಕಿ ಕತ್ತರಿಸಿದರೆ ಲೆಕ್ಕ ಕೆಡುತ್ತದೆ.

ಹೀಗೇ ಒಂದೊಂದಾಗಿ ಭಾಗಿಸುತ್ತ ಹೋದರೆ ಐನೂರಕ್ಕೂ ಹೆಚ್ಚು ಅವಿಭಾಜ್ಯಗಳನ್ನು ದಾಟಬೇಕು. ಗಣಿತಜ್ಞ ಫರ್ಮಾನ ವಿಧಾನ ಇಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ, a² − b² ಎಂದು ಬರೆಯಲಾದರೆ ಅದು (a − b) × (a + b) ಆಗಿ ಒಡೆಯುತ್ತದೆ. ವರ್ಗಮೂಲ 3703ಕ್ಕಿಂತ ತುಸು ಹೆಚ್ಚು, ಆದ್ದರಿಂದ 3704ರಿಂದ ಶುರು ಮಾಡಿ. 3704ರ ವರ್ಗ 1,37,19,616. ನಮ್ಮ ಸಂಖ್ಯೆಯನ್ನು ಕಳೆದರೆ 2195. ಇದರ ವರ್ಗಮೂಲ ಹುಡುಕುವ ಶ್ರಮವೇ ಬೇಡ: 5ರಲ್ಲಿ ಮುಗಿಯುವ ಪೂರ್ಣವರ್ಗ 25ರಲ್ಲೇ ಮುಗಿಯಬೇಕು. ಮುಂದೆ 3705ರ ವರ್ಗ 1,37,27,025. ಕಳೆದರೆ 9604, ಅಂದರೆ 98ರ ವರ್ಗ. ಎರಡನೇ ಹೆಜ್ಜೆಗೇ ಸಿಕ್ಕಿತು!

3705 − 98 = 3607
3705 + 98 = 3803

ಎರಡೂ ಅವಿಭಾಜ್ಯವೇ ಎಂದು ನೋಡದೆ ಮುಂದೆ ಹೋಗಬೇಡಿ. 3607ಕ್ಕೆ 59ರವರೆಗಿನ, 3803ಕ್ಕೆ 61ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಎಲ್ಲೂ ಶೇಷ ಸೊನ್ನೆಯಾಗುವುದಿಲ್ಲ.

ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಈ ವಿಧಾನ ಬೇಗ ಮುಗಿಯುತ್ತದೆ. ಗಣಿತಜ್ಞ ಆಯ್ಲರ್ 1732ರಲ್ಲಿ ಬಿಡಿಸಿದ 4,29,49,67,297 = 641 × 67,00,417ಕ್ಕೆ ಇದನ್ನು ಹೂಡಿದರೆ 32 ಲಕ್ಷಕ್ಕೂ ಹೆಚ್ಚು ಹೆಜ್ಜೆ ಬೇಕು; ನೇರವಾಗಿ ಭಾಗಿಸುತ್ತ ಹೋದರೆ 116ನೇ ಅವಿಭಾಜ್ಯಕ್ಕೇ ಸಿಗುತ್ತದೆ. ಹಾಗಾಗಿ ಹತ್ತಿಪ್ಪತ್ತು ಹೆಜ್ಜೆಯಲ್ಲಿ ಸಿಗದಿದ್ದರೆ ಭಾಗಾಕಾರಕ್ಕೆ ಮರಳಿ.

ಒಟ್ಟಿನಲ್ಲಿ ಸಂಖ್ಯೆ 2 × 3² × 5 × 3607 × 3803. ಅಪವರ್ತನಗಳನ್ನು ಎಣಿಸಲು ಪ್ರತಿ ಘಾತಕ್ಕೂ 1 ಸೇರಿಸಿ ಗುಣಿಸಿ: 2 × 3 × 2 × 2 × 2 = 48. ಮೊತ್ತಕ್ಕೆ ಪ್ರತಿ ಅವಿಭಾಜ್ಯಕ್ಕೂ 1 ಸೇರಿಸಿ (2ಕ್ಕೆ 1 + 2 = 3, ಹೀಗೆ; ಎರಡು ಸಲ ಬಂದಿರುವ 3ಕ್ಕೆ ಅದರ ವರ್ಗವನ್ನೂ ಕೂಡಿ) ಗುಣಿಸಿ: 3 × 13 × 6 × 3608 × 3804 = 3,21,16,10,688. ಹೆಚ್ಚಿನವರು ಎಡವುವುದು ಆ 13ರಲ್ಲಿ: 3 ಎರಡು ಸಲ ಬಂದಿರುವುದರಿಂದ 1 + 3 + 9 ಆಗಬೇಕು, 1 + 9 ಅಲ್ಲ. ಮೊತ್ತದಿಂದ ಮೂಲ ಸಂಖ್ಯೆಯನ್ನು ಕಳೆದರೂ 1,97,70,42,798 ಉಳಿಯುತ್ತದೆ. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತವೇ ತನ್ನನ್ನು ಮೀರಿಸುವ ಸಂಖ್ಯೆ ಇದು.