ಹೆನ್ರಿಯ ಸುತ್ತ ಆರು ಗಜ

ಕಾಲೇಜಿನ ಹಿಂದಿನ ಮೈದಾನದಲ್ಲಿ ಸೀರೆಯೊಂದನ್ನು ಹಿಡಿದು ನೆಲ ಅಳೆದ ದಿನ ನನಗೆ ಆ ಕಾದಂಬರಿ ತಿಳಿಯತೊಡಗಿತು. ಅಷ್ಟರಲ್ಲಿ ಅದನ್ನು ನಾಲ್ಕು ವರ್ಷ ಪಾಠ ಮಾಡಿ ಮುಗಿಸಿದ್ದೆ.

ನಾನು ಇಳಕಲ್ಲಿನಲ್ಲಿ ಬಿ.ಎ. ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುತ್ತೇನೆ. ನೇಕಾರರ ಮಕ್ಕಳು, ಗ್ರಾನೈಟ್ ಕೆಲಸದವರ ಮಕ್ಕಳು, ಹುನಗುಂದದ ಸುತ್ತಿನ ಹಳ್ಳಿಗಳಿಂದ ಬಸ್ಸಿಗೆ ಬರುವವರು. ಹೆಚ್ಚಿನವರು ಕನ್ನಡ ಮಾಧ್ಯಮದವರು. ಆ ಕಾದಂಬರಿ ಇಂಗ್ಲಿಷ್ ಲೇಖಕ ವಿಲಿಯಂ ಗೋಲ್ಡಿಂಗ್‌ನ 'ಲಾರ್ಡ್ ಆಫ್ ದಿ ಫ್ಲೈಸ್', 1954ರಲ್ಲಿ ಬಂದ ಪುಸ್ತಕ. ಯುದ್ಧದ ನಡುವೆ ವಿಮಾನ ಬಿದ್ದು, ದೊಡ್ಡವರಿಲ್ಲದ ದ್ವೀಪದಲ್ಲಿ ಉಳಿದ ಇಂಗ್ಲಿಷ್ ಹುಡುಗರ ಕಥೆ. ಮೊದಲು ಸಭೆ, ಹಿಡಿದವನಿಗೆ ಮಾತಿನ ಸರದಿ ಕೊಡುವ ಶಂಖ, ನಿಯಮ. ಆಮೇಲೆ ಬೇಟೆ, ಬಣ್ಣ, ಕೊಲೆ.

ಮೊದಲ ವರ್ಷಗಳಲ್ಲಿ ನಾನು ಬೋರ್ಡಿನ ಮೇಲೆ ಎರಡು ಸಾಲು ಬರೆಯುತ್ತಿದ್ದೆ. ಶಂಖವೆಂದರೆ ಪ್ರಜಾಪ್ರಭುತ್ವ, ಪಿಗ್ಗಿ ಎಂಬ ಹುಡುಗನ ಕನ್ನಡಕವೆಂದರೆ ವಿಜ್ಞಾನ, ಹುಡುಗರು ಆರಿಸಿದ ನಾಯಕ ರಾಲ್ಫ್ ಅಂದರೆ ನಾಗರಿಕತೆ, ಬೇಟೆಗಾರರ ಮುಖಂಡ ಜ್ಯಾಕ್ ಅಂದರೆ ಕಾಡುತನ. ಪರೀಕ್ಷೆಯಲ್ಲಿ ಎಲ್ಲರೂ ಒಂದೇ ಮಾತು ಬರೆದರು: ಮನುಷ್ಯ ಹುಟ್ಟಾ ಕ್ರೂರಿ, ನಾಗರಿಕತೆ ಮೇಲಿನ ಲೇಪ. ನಾನೂ ಅಂಕ ಕೊಟ್ಟೆ. ಆದರೆ ಆ ಮಾತನ್ನು ಬರೆದವರಲ್ಲಿ ಒಬ್ಬರೂ ಅದನ್ನು ನಂಬಿದ್ದರು ಎಂದು ನನಗೆ ಅನ್ನಿಸಲಿಲ್ಲ. ಅಲ್ಲಗಳೆದವರೂ ಇರಲಿಲ್ಲ. ಅದು ನನ್ನನ್ನು ಬಹಳ ದಿನ ಕಾಡಿತು.

ಐದನೆಯ ವರ್ಷ ಬೋರ್ಡು ಬಿಟ್ಟು ಓದುವುದಕ್ಕೆ ಕೂತೆ. ದಿನಕ್ಕೆ ಎರಡು ಮೂರು ಪುಟ. ಇಂಗ್ಲಿಷಿನಲ್ಲಿ ಓದುವುದು, ನಮ್ಮ ಮಾತಿನಲ್ಲಿ ಹೇಳುವುದು, ಮತ್ತೆ ಇಂಗ್ಲಿಷಿನಲ್ಲಿ ಓದುವುದು. ನಾಲ್ಕನೆಯ ಅಧ್ಯಾಯಕ್ಕೆ ಬಂದಾಗ ಗಾಡಿ ನಿಂತಿತು. ಹೆನ್ರಿ ಎಂಬ ಸಣ್ಣ ಹುಡುಗ ದಂಡೆಯಲ್ಲಿ ಒಬ್ಬನೇ ಆಡುತ್ತಿರುತ್ತಾನೆ. ರೋಜರ್ ಎಂಬ ದೊಡ್ಡ ಹುಡುಗ ಮರೆಯಲ್ಲಿ ನಿಂತು ಅವನತ್ತ ಕಲ್ಲು ಒಗೆಯುತ್ತಾನೆ, ಆದರೆ ತಾಗದಂತೆ ಒಗೆಯುತ್ತಾನೆ. ಹೆನ್ರಿಯ ಸುತ್ತ ಸುಮಾರು ಆರು ಗಜ ಅಡ್ಡಳತೆಯ ಒಂದು ಜಾಗವಿದೆ, ಅದರೊಳಗೆ ಕಲ್ಲು ಹಾಕುವ ಧೈರ್ಯ ಅವನಿಗಿಲ್ಲ.

"ಮೇಡಂರೀ, ಅಂವ ಹೊಡೀಬೇಕಂತ ಒಗೀತಾನೋ, ಹೊಡೀಬಾರ್ದಂತ ಒಗೀತಾನೋ?" ಎಂದು ಒಬ್ಬ ಕೇಳಿದ.

ಉತ್ತರ ನನ್ನಲ್ಲಿರಲಿಲ್ಲ. ನಾಳೆ ಮೈದಾನಕ್ಕೆ ಹೋಗಿ ನೋಡೋಣ ಎಂದೆ. ಮರುದಿನ ನೇಕಾರರ ಮನೆಯ ಹುಡುಗಿಯೊಬ್ಬಳು ಅವ್ವನ ಹಳೆಯ ಸೀರೆ ತಂದಳು. "ಇದು ಆರು ಗಜದ್ದರೀ. ಅಜ್ಜೀದು ತಂದಿದ್ರ ಒಂಬತ್ತಾಗ್ತಿತ್ತು." ಸೀರೆಯನ್ನು ನಡುವಿಗೆ ಮಡಿಚಿ, ಒಂದು ತುದಿಯನ್ನು ನೆಟ್ಟ ಗೂಟಕ್ಕೆ ಹಿಡಿದು, ಇನ್ನೊಂದು ತುದಿಯ ಜೊತೆ ಸುತ್ತಿ ಬಂದು ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದಿಂದ ಗೆರೆ ಎಳೆದರು. ಒಬ್ಬ ನಡುವೆ ಬೆನ್ನು ಮಾಡಿ ಕೂತ. ಉಳಿದವರ ಕೈಯಲ್ಲಿ ಕಾಗದದ ಉಂಡೆ.

ಗೆರೆಯಿಂದ ನಡುವಿಗೆ ಮೂರು ಮೀಟರೂ ಇಲ್ಲ. ಅಷ್ಟು ಹತ್ತಿರದಿಂದ ಹೊಡೆಯುವುದಕ್ಕೆ ಯಾವ ಗುರಿಯೂ ಬೇಡ. ಗೆರೆ ದಾಟದಂತೆ, ಆದರೆ ಗೆರೆಗೆ ಹತ್ತಿರವೇ ಬೀಳುವಂತೆ ಒಗೆಯುವುದಕ್ಕೆ ಮಾತ್ರ ಕೈ ಬಿಗಿ ಹಿಡಿಯಬೇಕಿತ್ತು. ತಪ್ಪಿಸುವುದೇ ಕಷ್ಟದ ಕೆಲಸ ಎಂದು ಎಲ್ಲರ ತೋಳಿಗೂ ಗೊತ್ತಾಯಿತು. ಕಾದಂಬರಿಯ ಹೆನ್ರಿಗೆ ನೀರಿನಲ್ಲಿ ಬೀಳುವ ಕಲ್ಲಿನ ಸದ್ದು ಮೋಜು ಅನ್ನಿಸುತ್ತದೆ. ನಮ್ಮ ಹುಡುಗನಿಗೆ ಹಾಗಾಗಲಿಲ್ಲ. "ಬೆನ್ನ ಹಿಂದ ಬೀಳ್ತೈತಲ್ರೀ, ತಾಗಂಗಿಲ್ಲ ಅಂತ ಗೊತ್ತಿದ್ರೂ ಜೀವ ಝಲ್ ಅಂತೈತಿ" ಎಂದ.

ಅಲ್ಲೇ ನಿಂತು ಮುಂದಿನ ವಾಕ್ಯಗಳನ್ನು ಓದಿದೆ. ಆ ಮಗುವನ್ನು ಕಾಯುತ್ತಿರುವುದು ತಂದೆತಾಯಿ, ಶಾಲೆ, ಪೊಲೀಸರು, ಕಾನೂನು. ರೋಜರನ ತೋಳನ್ನು ತಿದ್ದಿದ ಆ ನಾಗರಿಕತೆಗೆ ಅವನ ಗುರುತೇ ಇಲ್ಲ, ಅದು ತಾನೇ ಹಾಳಾಗಿ ಬಿದ್ದಿದೆ. ಸೀರೆ ಮಡಿಚುತ್ತಿದ್ದ ಹುಡುಗಿ ಹೇಳಿದಳು: "ಊರ ಸುಟ್ಟ ಹೋಗೇತಿ, ಆದ್ರೂ ಕೈ ಹಿಡದೈತಿ." ಈ ಕಾದಂಬರಿಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ಮಾತು ಅದು.

ಅಂದಿನಿಂದ ರಾಲ್ಫ್ ಒಳ್ಳೆಯವನೋ ಜ್ಯಾಕ್ ಕೆಟ್ಟವನೋ ಎಂಬ ಚರ್ಚೆ ಬಿಟ್ಟೆವು. ಪ್ರತಿ ಅಧ್ಯಾಯಕ್ಕೂ ಒಂದೇ ಪ್ರಶ್ನೆ: ಈಗ ಗೆರೆ ಎಲ್ಲಿದೆ, ಯಾರು ಒಳಗೆ, ಯಾರು ಹೊರಗೆ? ಜ್ಯಾಕ್ ಮುಖಕ್ಕೆ ಬಣ್ಣ ಬಳಿದುಕೊಂಡು ನಾಚಿಕೆಯಿಂದ ಬಿಡುಗಡೆ ಹೊಂದುವಲ್ಲಿ ಗೆರೆ ಅಳಿಸಿತು ಎಂದರು ಕೆಲವರು. ಸೈಮನ್ ಎಂಬ ಹುಡುಗನನ್ನು ಕೊಲ್ಲುವ ಗುಂಪಿನಲ್ಲಿ ರಾಲ್ಫ್, ಪಿಗ್ಗಿ ಕೂಡ ಇದ್ದರಲ್ಲ ಎಂದು ಇನ್ನೊಬ್ಬಳು ಎಚ್ಚರಿಸಿದಳು. ಹನ್ನೊಂದನೆಯ ಅಧ್ಯಾಯದಲ್ಲಿ ಅದೇ ರೋಜರ್ ಬಂಡೆ ಉರುಳಿಸುತ್ತಾನೆ. ಪಿಗ್ಗಿ ಸಾಯುತ್ತಾನೆ, ಶಂಖ ಪುಡಿಯಾಗುತ್ತದೆ.

ಎರಡನೆಯ ಅಧ್ಯಾಯಕ್ಕೆ ಹಿಂದಿರುಗಿಸಿದವನು ಮಾತು ಕಮ್ಮಿಯ ಹುಡುಗ. ಅಲ್ಲಿ ಮೊದಲ ಬೆಂಕಿ ಕೈಮೀರಿ ಕಾಡಿಗೆ ಹತ್ತುತ್ತದೆ. ಮುಖದ ಮೇಲೆ ಮಚ್ಚೆಯಿದ್ದ ಒಬ್ಬ ಪುಟ್ಟ ಹುಡುಗ ಆಮೇಲೆ ಕಾಣುವುದೇ ಇಲ್ಲ. ಎಲ್ಲರ ಹೆಸರು ಬರೆದುಕೊಳ್ಳಬೇಕಿತ್ತು, ಅದು ಆಗಿರಲಿಲ್ಲ. ಅವನೆಲ್ಲಿ ಎಂದು ಪಿಗ್ಗಿ ಕೇಳುತ್ತಾನೆ, ಯಾರಲ್ಲೂ ಉತ್ತರವಿಲ್ಲ. "ಆವಾಗ ಎಲ್ಲಾರೂ ಚೊಲೋನ ಇದ್ರಲ್ರೀ. ಬಣ್ಣ ಇಲ್ಲ, ಬೇಟಿ ಇಲ್ಲ. ಆದ್ರೂ ಆ ಹುಡಗನ ಸುತ್ತ ಗೆರಿ ಇದ್ದಿದ್ದಿಲ್ಲ." ಗೋಲ್ಡಿಂಗ್ ಗಂಡುಮಕ್ಕಳ ಶಾಲೆಯ ಮೇಷ್ಟ್ರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು 1944ರ ನಾರ್ಮಂಡಿ ದಾಳಿಯನ್ನು ಕಂಡವನು. ಜೇನುಹುಳ ಜೇನುತುಪ್ಪ ಮಾಡುವಂತೆ ಮನುಷ್ಯ ಕೇಡನ್ನು ಮಾಡುತ್ತಾನೆ ಎಂದು ಮುಂದೆ ಬರೆದ. ಆ ಮಾತನ್ನೇ ಎತ್ತಿ ಆಡುವವರು ಬಹಳ. ನನಗೋ, ಆ ಬರೆಯದೆ ಉಳಿದ ಹೆಸರಿನ ಪಟ್ಟಿಯಲ್ಲಿ ಹಾಜರಿ ಕರೆದ ಮೇಷ್ಟ್ರು ಕಾಣುತ್ತಾನೆ.

ಹೆಸರು ಬರೆದಿಟ್ಟರೆ ಗೆರೆ ಇರುತ್ತದೆ ಎಂದು ತರಗತಿಯಲ್ಲಿ ಹೇಳಿದೆ. ಇದೇ ಮಾತು ಮುಂದೆ ನನ್ನನ್ನು ತಿದ್ದಿತು. ಪಿಗ್ಗಿ ಸಾಯುವ ಮುಂಚೆ, ಬಣ್ಣ ಬಳಿದ ಇಂಡಿಯನ್ನರ ಗುಂಪಾಗಬೇಕೋ, ತಿಳಿವಳಿಕೆಯಿಂದ ಇರಬೇಕೋ ಎಂದು ಕೂಗುತ್ತಾನೆ. "ಇಂಡಿಯನ್ಸ್ ಅಂದ್ರ ನಾವರೀ?" ಎಂದು ಕೇಳಿದರು. ಅದು ಅಮೆರಿಕದ ಮೂಲನಿವಾಸಿಗಳನ್ನು ಕುರಿತದ್ದು, ಮೊದಲ ಮುದ್ರಣದಲ್ಲಿ ಆ ಜಾಗದಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಶಬ್ದವಿತ್ತು ಎಂದೆ. ನಾನು ಅಲ್ಲಿಯವರೆಗೆ 'ಕಾಡುಜನ' ಎಂದೇ ಕನ್ನಡಿಸುತ್ತಿದ್ದೆ. ತರಗತಿ ಮುಗಿದ ಮೇಲೆ ಒಬ್ಬಳು ಬಂದು, ತನ್ನ ಮುತ್ತಜ್ಜಿ ಸೆಟ್ಲಮೆಂಟಿನಲ್ಲಿ ಬೆಳೆದವಳು ಎಂದಳು. ಬ್ರಿಟಿಷರು 1871ರಲ್ಲಿ ಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ನಮ್ಮ ಸೀಮೆಯಲ್ಲಿ ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಅವರನ್ನು ಸೆಟ್ಲಮೆಂಟ್ ಎಂಬ ಬೇಲಿಯೊಳಗೆ ಇಟ್ಟರು. ಆ ಪಟ್ಟಿಯಿಂದ ಬಿಡುಗಡೆಯಾದದ್ದು 1952ರಲ್ಲಿ, ಈ ಕಾದಂಬರಿಗೆ ಎರಡೇ ವರ್ಷ ಮುಂಚೆ.

"ಹೆಸರ ಬರದಿಟ್ರ ಗೆರಿ ಇರ್ತೈತಿ ಅಂದ್ರಿ. ನಮ್ಮವರ ಹೆಸರ ದಿನಾ ಕರೀತಿದ್ರಂತರೀ, ಹಾಜರಿ ಅಂತ."

ಅವಳ ಮುಂದೆ ನನಗೆ ಮಾತು ಹೊರಡಲಿಲ್ಲ. ಮರುದಿನ ಅವಳ ಒಪ್ಪಿಗೆ ಪಡೆದು ಅದನ್ನೇ ತರಗತಿಯಲ್ಲಿ ಹೇಳಿದೆ. 'ಕಾಡುಜನ' ಎಂಬ ಮಾತನ್ನು ಕೈಬಿಟ್ಟೆ. ಈಗ ಜ್ಯಾಕನ ಕಡೆಯವರನ್ನು 'ಕಟ್ಟು ಕಳಚಿದವರು' ಎನ್ನುತ್ತೇನೆ. ಕಾಡಿನಲ್ಲಿ ಬಾಳುವ ಜನಕ್ಕೆ ಅವರದೇ ಕಟ್ಟುಗಳಿವೆ.

ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದ ಆರು ಹುಡುಗರ ಸಂಗತಿ ಪ್ರತಿ ವರ್ಷ ಬರುತ್ತದೆ. 1965ರಲ್ಲಿ ದೋಣಿ ತಪ್ಪಿ ನಿರ್ಜನ ಆಟಾ ದ್ವೀಪ ಸೇರಿದವರು ವರ್ಷಕ್ಕೂ ಮೀರಿ ಬೆಂಕಿ ಆರದಂತೆ ಕಾದು, ಒಬ್ಬನ ಮುರಿದ ಕಾಲು ಕಟ್ಟಿ ವಾಸಿಮಾಡಿ, 1966ರಲ್ಲಿ ಊರು ಸೇರಿದರು. ಗೋಲ್ಡಿಂಗ್ ಸುಳ್ಳಾದನೇ ಎನ್ನುತ್ತಾರೆ. ಆಗಿಲ್ಲ ಎಂದು ನನ್ನ ಅಭಿಪ್ರಾಯ. ಅವರು ಒಂದೇ ಶಾಲೆಯ ಗೆಳೆಯರು, ಆರೂ ಜನಕ್ಕೆ ಆರೂ ಹೆಸರು ಗೊತ್ತಿತ್ತು.

ಈಗ ಪುಸ್ತಕ ಮುಗಿಸುವ ದಿನ ಒಂದು ಪ್ರಶ್ನೆ ಕೇಳುತ್ತೇನೆ. ಕೊನೆಯ ಪುಟಗಳಲ್ಲಿ ನೌಕಾಧಿಕಾರಿ ಬಂದು, ಯಾರಾದರೂ ಸತ್ತರೇ ಎಂದು ವಿಚಾರಿಸುತ್ತಾನೆ. ಇಬ್ಬರೇ ಎನ್ನುತ್ತಾನೆ ರಾಲ್ಫ್. ನೀವು ಎಷ್ಟು ಜನ ಎಂದರೆ ಗೊತ್ತಿಲ್ಲ ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಚ್ಚಿ, ಸತ್ತ ಹುಡುಗರು ಎಷ್ಟು ಎಂದು ನಾನೂ ಕೇಳುತ್ತೇನೆ. ಸೈಮನ್, ಪಿಗ್ಗಿ, ಇಬ್ಬರು ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ನಾನು ಸುಮ್ಮನೆ ನಿಲ್ಲುತ್ತೇನೆ.

ಈ ವರ್ಷ ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಕೊನೆಯ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. "ಮೂರ್ರೀ ಮೇಡಂ. ಮಾರಿ ಮ್ಯಾಲ ಮಚ್ಚಿ ಇದ್ದಾಂವ."