ಒಂದು ಪ್ಲೇಟು ತೆಗೆದ ಜಿಪ್ಸಿ, ಎತ್ತರ ಏರಿಸಿದ ಥಾರ್: ತೋಟದ ದಾರಿಯಲ್ಲಿ ನನ್ನ ಅನುಭವ

ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದ ಜಿಪ್ಸಿಯ ಮುಂದಿನ ಸ್ಪ್ರಿಂಗಿನಿಂದ ಒಂದು ಪ್ಲೇಟು ಕಳಚುತ್ತೇನೆ ಅಂದಾಗ ಚಿಕ್ಕಮಗಳೂರಿನ ಕಮಾನು ಕೆಲಸದವರು, "ಬೇಡಿ ಸಾರ್, ಲೋಡ್ ಹಾಕಿದ್ರೆ ಕೂತ್ಬಿಡತ್ತೆ" ಅಂದಿದ್ದರು. ನನ್ನ ಉದ್ದೇಶ, ಸ್ಪ್ರಿಂಗು ಮೆತ್ತಗಾಗಿ ತೋಟದ ಉಬ್ಬುತಗ್ಗಿನಲ್ಲಿ ಚಕ್ರ ಹೆಚ್ಚು ಮೇಲೆ ಕೆಳಗೆ ಆಡಲಿ, ನೆಲ ಬಿಡದಿರಲಿ ಎಂಬುದು. ಮೂಡಿಗೆರೆ ಕಡೆಯ ಮೂರು ಮಳೆಗಾಲ ಕಳೆದಿದೆ, ಕೂತಿಲ್ಲ. ಗೊಬ್ಬರದ ಮೂಟೆ ಬೀಳುವುದು ಹಿಂದೆ, ಪ್ಲೇಟು ತೆಗೆದದ್ದು ಮುಂದೆ. ಇಷ್ಟು ಸರಳ ಲೆಕ್ಕ ಯಾರೂ ಹಾಕಿರಲಿಲ್ಲ.

ಹೋಲಿಕೆಗೆ ಪಕ್ಕದಲ್ಲಿದ್ದದ್ದು ಹಳೆಯ ಥಾರ್. ಅದಕ್ಕೆ ಮುಂದೆ ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇಂಡಿಪೆಂಡೆಂಟ್, ಅಂದರೆ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಆಡುತ್ತವೆ. ಹಿಂದೆ ಹೌಸಿಂಗ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್. ಜಿಪ್ಸಿಗೆ ಎರಡೂ ಕಡೆ ಹೌಸಿಂಗ್. ಅಳತೆಗೆ ಬೇಕಾದದ್ದು ಬಾಟಲಿ ಜಾಕು, ಟೇಪು, ಒಂದು ಕಾಫಿ ಗೋಣಿಚೀಲ. ಗೋಣಿಯನ್ನು ಎಡ ಹಿಂದಿನ ಟೈರಿನಡಿ ಹಾಸಿ, ಎಡ ಮುಂದಿನ ಚಕ್ರ ಎತ್ತುತ್ತಾ ಹೋಗಿ. ಜಿಪ್ಸಿಗೆ ಜಾಕು ಹೌಸಿಂಗಿನ ತುದಿಗೆ, ಥಾರಿಗೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಹೊರತುದಿಗೆ. ಗೋಣಿ ಎಳೆದರೆ ಜಾರಿ ಬಂತೆಂದರೆ ಹಿಂದಿನ ಚಕ್ರದ ಹಿಡಿತ ಹೋಯಿತು. ಆಗ ಮುಂದಿನ ಟೈರು ನೆಲದಿಂದ ಎಷ್ಟು ಎತ್ತರವಿದೆ ನೋಡಿ, ಹೆಚ್ಚಿದ್ದಷ್ಟೂ ಒಳ್ಳೆಯದು. ಪ್ಲೇಟು ತೆಗೆಯುವ ಮೊದಲು ಜಿಪ್ಸಿ ಹನ್ನೆರಡು ಇಂಚಿಗೇ ಸೋತಿತು, ಥಾರ್ ಹದಿಮೂರು ಚಿಲ್ಲರೆ. ಹೌದು, ಶುರುವಿನಲ್ಲಿ ಥಾರೇ ಮುಂದಿತ್ತು.

ಆಮೇಲೆ ಥಾರಿನ ಟಾರ್ಷನ್ ಬೋಲ್ಟು ಬಿಗಿದು ಒಂದೂವರೆ ಇಂಚು ಏರಿಸಿದ್ದಾಯಿತು. ನೋಡಲು ಭರ್ಜರಿ, ಗೋಣಿ ಜಾರಿದ್ದು ಮಾತ್ರ ಹನ್ನೊಂದಕ್ಕೆ. ಬೋಲ್ಟು ಬಿಗಿದರೆ ಗಾಡಿ ಮೇಲೇಳುತ್ತದೆ, ಚಕ್ರ ಕೆಳಗಿಳಿಯಲು ಉಳಿದ ಜಾಗ ಅಷ್ಟೇ ಕರಗುತ್ತದೆ. ಚಕ್ರವನ್ನು ಮೇಲಿನಿಂದ ಹಿಡಿದಿರುವ ಅಪ್ಪರ್ ಆರ್ಮ್, ಅದನ್ನು ತಡೆಯುವ ಸ್ಟಾಪರಿಗೆ ತಾಗಿಕೊಂಡೇ ಇರುತ್ತದೆ. ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟಿನ ಕೋನ ಕಡಿದಾಗಿ ಅದರ ರಬ್ಬರು ಮುಸುಕು, ಅಂದರೆ ಬೂಟು ಹರಿಯಿತು, ಒಳಗೆ ಕೆಸರು ಹೋಯಿತು. ಎರಡು ಸಲದ ಬೂಟು, ಗ್ರೀಸು, ಅಲೈನ್‌ಮೆಂಟು ಸೇರಿ ಏಳೆಂಟು ಸಾವಿರ. ಕೊನೆಗೆ ಬೋಲ್ಟು ಹಳೆಯ ಗುರುತಿಗೇ ಬಂತು.

ಜಿಪ್ಸಿಯಲ್ಲೂ ಮೊದಲು ಎಡವಿದ್ದೇ. ಎಲ್ಲಕ್ಕಿಂತ ಕೆಳಗಿನ ಗಿಡ್ಡ ಪ್ಲೇಟು ತೆಗೆದೆ. ನಡುಭಾಗಕ್ಕೆ ಆಸರೆ ತಪ್ಪಿ ಎಲ್ಲಕ್ಕಿಂತ ಮೇಲಿನ ಉದ್ದದ ಮೇನ್ ಪ್ಲೇಟು, ಎಲ್ಲವನ್ನೂ ಸೇರಿಸುವ ಸೆಂಟರ್ ಬೋಲ್ಟಿನ ತೂತಿನ ಬಳಿ ಸೀಳಿತು. ಮೇನ್ ಪ್ಲೇಟು, ಅದರ ಕೆಳಗಿನದು, ಕೊನೆಯದು, ಈ ಮೂರನ್ನು ಮುಟ್ಟಬಾರದು. ಮಧ್ಯದ್ದೊಂದು ತೆಗೆದು, ಉಳಿದವುಗಳ ತುದಿಗಳು ಮೆಟ್ಟಿಲಿನಂತೆ ಸಮನಾಗಿ ಇಳಿಯುತ್ತವೆಯೇ ನೋಡಿ, ಪ್ಲೇಟುಗಳ ಬಾಗು ಸ್ವಲ್ಪ ಹೆಚ್ಚಿಸಬೇಕು.

ಇಷ್ಟಾದ ಮೇಲೂ ಗೋಣಿ ಹದಿಮೂರಕ್ಕೇ ಜಾರಿತು. ಎರಡು ವಾರ ತಲೆ ಕೆರೆದುಕೊಂಡ ಮೇಲೆ ಗೊತ್ತಾದದ್ದು, ತಡೆಯುತ್ತಿದ್ದದ್ದು ಸ್ಪ್ರಿಂಗಲ್ಲ, ಶಾಕರ್. ಪೂರ್ತಿ ಎಳೆದುಕೊಂಡು ಅದೇ ಚಕ್ರವನ್ನು ನೇತುಹಾಕಿಕೊಂಡಿತ್ತು. ಮುಂದೆ ಹಿಂದೆ ನಾಲ್ಕಕ್ಕೂ ಉದ್ದದ್ದು ಹಾಕಿದೆ. ಯಾವ ಗಾಡಿಯದ್ದು ಅಂತ ಇಲ್ಲಿ ಬರೆಯುವುದಿಲ್ಲ, ಟೇಪು ಹಿಡಿದು ಹುಡುಕಿದರೆ ನಿಮಗೂ ಸಿಗುತ್ತದೆ. ಗೋಣಿ ಹದಿನೇಳಕ್ಕೆ ಹೋಯಿತು. ಚಕ್ರ ಇಳಿದಷ್ಟೂ ಬ್ರೇಕ್ ಹೋಸ್ (ಬ್ರೇಕ್ ಆಯಿಲಿನ ರಬ್ಬರು ಪೈಪು) ಎಳೆಯುತ್ತದೆ, ಅದನ್ನೂ ಉದ್ದದ್ದಕ್ಕೆ ಬದಲಿಸಲೇಬೇಕು.

ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ, ಅಂದರೆ ಲೇತಿನಲ್ಲಿ ಮಾಡಿಸಿದ ಶ್ಯಾಕಲ್ ಒಂದಿಂಚು ಉದ್ದ, ಗಾಡಿ ಎದ್ದದ್ದು ಅರ್ಧ ಇಂಚು. ಆದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತಿರಲಿಲ್ಲ. ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಎರಡು ಡಿಗ್ರಿ ಬೆಣೆ ಕೊಟ್ಟೆ, ಉಕ್ಕಿನದ್ದು. ಅಲ್ಯೂಮಿನಿಯಮ್ಮಿನದು ಪುಡಿಯಾಗುತ್ತದೆ. ಸ್ಪ್ರಿಂಗಿನ ತುದಿಯ ರಬ್ಬರು ಬುಷ್‌ಗಳ ಬೋಲ್ಟುಗಳ ಕೊನೆಯ ಬಿಗಿತ ಚಕ್ರ ನೆಲದ ಮೇಲಿದ್ದಾಗಲೇ ಆಗಬೇಕು. ಜಾಕಿನ ಮೇಲೆ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಒಟ್ಟು ಖರ್ಚು ಹದಿನಾರು ಸಾವಿರದ ಆಸುಪಾಸು, ಸೀಳಿದ ಮೇನ್ ಪ್ಲೇಟು ಬಿಟ್ಟು.

ಇಂಡಿಪೆಂಡೆಂಟಿಗೂ ಅದರದ್ದೇ ಜಾಗ ಇದೆ. ಹಾಸನದ ಟಾರು ರಸ್ತೆಯಲ್ಲಿ ಜಿಪ್ಸಿ ಸೊಂಟ ಮುರಿಯುತ್ತದೆ, ಥಾರಿನ ಮುಂದಿನ ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಸುದ್ದಿಯೇ ಇಲ್ಲ. ಟ್ರ್ಯಾಕ್ಟರ್ ಓಡಾಡಿ ನಡುವೆ ದಿಬ್ಬ ಎದ್ದ ದಾರಿಯಲ್ಲಿ ಜಿಪ್ಸಿಯ ಡಿಫರೆನ್ಷಿಯಲ್ ಗುಂಡು (ಹೌಸಿಂಗಿನ ನಡುವೆ ಉಬ್ಬಿರುವ ಗೇರು ಡಬ್ಬ) ಮಣ್ಣು ಉಳುತ್ತದೆ. ಆದರೆ ಇಳಿಜಾರಿನ ಹಳ್ಳಕ್ಕೆ ಮುಂದಿನ ಎರಡೂ ಚಕ್ರ ಒಟ್ಟಿಗೆ ಧುಮುಕಿದಾಗ ಥಾರಿನ ಹೊಟ್ಟೆಯೇ ಕೆಳಗಿಳಿದು ಕಲ್ಲಿಗೆ ಬಡಿಯುತ್ತದೆ. ಹೌಸಿಂಗಿನ ಎತ್ತರ ಚಕ್ರದ ಜೊತೆಗೇ ಇರುತ್ತದೆ, ಕುಗ್ಗುವುದಿಲ್ಲ.

ಪ್ಲೇಟುಗಳ ತುದಿಗೆ ಹಳೆಯ ನೀಲಿ ಡ್ರಮ್ಮಿನ ಪ್ಲಾಸ್ಟಿಕ್ ಕತ್ತರಿಸಿ ಸೇರಿಸಿಯೂ ನೋಡಿದೆ. ಕಿರಕಿರ ನಿಂತಿತು, ಒಂದೇ ಮಳೆಗಾಲಕ್ಕೆ ಸವೆಯಿತು. ಸುಟ್ಟ ಇಂಜಿನ್ ಆಯಿಲ್ ಬಳಿಯಬೇಡಿ, ಬುಷ್ ಉಬ್ಬುತ್ತದೆ. ಈಗ ಗ್ರಾಫೈಟ್ ಗ್ರೀಸು, ಕಾಫಿ ಕೊಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ. ಕಳಚಿ ಜೋಡಿಸಿದ ಮೇಲೆ ನೂರು ಕಿಲೋಮೀಟರಿಗೆ ಸ್ಪ್ರಿಂಗನ್ನು ಹೌಸಿಂಗಿಗೆ ಕಟ್ಟುವ ಯು ಬೋಲ್ಟು ಮತ್ತೆ ಬಿಗಿಯುವುದು ತಪ್ಪಿಸುವುದಿಲ್ಲ.